ಆರೋಗ್ಯ ಕೇಂದ್ರದ ಹೊಣೆ ಹೊತ್ತ ಶುಶ್ರೂಷಕಿಗೆ ಮಾರ್ಗದರ್ಶಕರು ಬೇಕು

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ನಮ್ಮ ಸಂಘದಂತಹ ಸಂಸ್ಥೆಗಳು ವಿದ್ಯಾರ್ಥಿ ವೇತನ ಕೊಡುತ್ತವೆ, ಪ್ರತಿಭಾವಂತರನ್ನು ಸನ್ಮಾನಿಸುತ್ತವೆ, ಯಾವ ಕೋರ್ಸ್ ಸೇರಬೇಕೆಂದು ಸಲಹೆ ನೀಡುತ್ತವೆ. ಇವೆಲ್ಲ ಅಗತ್ಯವಾದ ಕೆಲಸಗಳೇ. ಆದರೆ ನಮ್ಮ ನೆರವು ಹೆಚ್ಚಾಗಿ ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ಮುಗಿದುಹೋಗುತ್ತದೆ. ಮಗಳು ನರ್ಸಿಂಗ್ ಮುಗಿಸಿದಳು, ಕೆಲಸವೂ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್ ಎಂದು ನಿಟ್ಟುಸಿರು ಬಿಡುತ್ತೇವೆ. ನಿಜವಾದ ಪರೀಕ್ಷೆ ಅಲ್ಲಿಂದ ಆರಂಭವಾಗುತ್ತದೆ. ಆ ಪರೀಕ್ಷೆಗೆ ಪಠ್ಯಪುಸ್ತಕವಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಡುವವರೂ ಇರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಉಪಕೇಂದ್ರವನ್ನೋ ನಡೆಸುವ ಹೊಣೆ ಹೊತ್ತ ಯುವ ಶುಶ್ರೂಷಕಿಯರಿಗೆ ಅನುಭವಿ ಮಾರ್ಗದರ್ಶಕರು ಏಕೆ ಬೇಕು, ಅದನ್ನು ಹೇಗೆ ಒದಗಿಸಬಹುದು ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಸೂಜಿ ಮದ್ದಿನ ಆಚೆಗಿನ ಕೆಲಸ

ನರ್ಸ್ ಎಂದೊಡನೆ ಸೂಜಿ ಚುಚ್ಚುವ, ಗಾಯಕ್ಕೆ ಪಟ್ಟಿ ಕಟ್ಟುವ, ಜ್ವರ ನೋಡುವ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಅದು ಅವರ ಕೆಲಸದ ಅರ್ಧ ಭಾಗ ಮಾತ್ರ. ಉಳಿದ ಅರ್ಧ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ.

ಹೆರಿಗೆಯ ನಂತರ ಅತಿಯಾದ ರಕ್ತಸ್ರಾವವು ತಾಯಂದಿರ ಸಾವಿನ ಪ್ರಮುಖ ಕಾರಣಗಳಲ್ಲಿ ಒಂದು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕು ಎಂದು ನರ್ಸಿಂಗ್ ವಿದ್ಯಾರ್ಥಿನಿಯರಾದ ನೀವೆಲ್ಲ ಓದಿದ್ದೀರಿ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೀರಿ. ಆದರೆ ರಾತ್ರಿ ಎರಡು ಗಂಟೆಗೆ ಹೆರಿಗೆ ಕೋಣೆಯ ಟ್ರೇಯಲ್ಲಿ ಆ ಮದ್ದು ಇರಬೇಕಲ್ಲ? ಅದಿರಬೇಕಾದರೆ ಹಲವು ವಾರಗಳ ಹಿಂದೆಯೇ ಯಾರೋ ದಾಸ್ತಾನು ಪುಸ್ತಕ ನೋಡಿ ಇಂಡೆಂಟ್ ಹಾಕಿರಬೇಕು. ಬಂದ ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಫ್ರಿಜ್‌ನಲ್ಲಿ ಇಟ್ಟಿರಬೇಕು. ಕರೆಂಟ್ ಹೋದಾಗ ಏನು ಮಾಡಬೇಕೆಂಬುದು ಡ್ಯೂಟಿಯಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. ಮೊದಲು ಅವಧಿ ಮುಗಿಯುವ ಮದ್ದನ್ನು ಮೊದಲು ಬಳಸುವ ಕ್ರಮ ಇರಬೇಕು. ರಾತ್ರಿ ಪಾಳಿಗೆ ಹೆರಿಗೆ ಮಾಡಿಸಿ ಅಭ್ಯಾಸವಿರುವವರನ್ನೇ ಹಾಕಿರಬೇಕು. ತಾಯಿಯ ಸ್ಥಿತಿ ಕೈಮೀರುತ್ತಿದ್ದರೆ ಯಾವ ಆಸ್ಪತ್ರೆಗೆ ಕಳುಹಿಸಬೇಕು, 108 ಆಂಬುಲೆನ್ಸ್ ಬರುವವರೆಗೆ ಏನು ಮಾಡುತ್ತಿರಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಇವುಗಳಲ್ಲಿ ಯಾವುದೂ ಚುಚ್ಚುಮದ್ದು ಕೊಡುವ ಕೌಶಲವಲ್ಲ. ಇದು ನಿರ್ವಹಣೆ. ಮದ್ದು ಕೊಡಲು ಗೊತ್ತಿರುವ ಕೈ ಅಲ್ಲಿದ್ದೂ ಟ್ರೇಯಲ್ಲಿ ಮದ್ದು ಇಲ್ಲದಿದ್ದರೆ ಆ ವಿದ್ಯೆ ತಾಯಿಗೆ ದಕ್ಕುವುದಿಲ್ಲ.

ನಮ್ಮ ದೇಶದಲ್ಲಿ ಬಯಲು ಸೀಮೆಯ ಸುಮಾರು 30,000 ಜನಸಂಖ್ಯೆಗೆ, ಗುಡ್ಡಗಾಡು ಪ್ರದೇಶದಲ್ಲಾದರೆ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕವಿದೆ. ಅದರ ಮುಖ್ಯಸ್ಥರು ವೈದ್ಯಾಧಿಕಾರಿಗಳು, ಸರಿ. ಆದರೆ ಅವರು ಹೊರರೋಗಿಗಳನ್ನು ನೋಡಬೇಕು, ತಾಲೂಕಿನ ಸಭೆಗೆ ಹೋಗಬೇಕು, ಕ್ಷೇತ್ರ ಭೇಟಿ ಮಾಡಬೇಕು. ಹೆರಿಗೆ ಕೋಣೆ, ವಾರ್ಡು, ಮದ್ದಿನ ಕಪಾಟು, ರಿಜಿಸ್ಟರುಗಳು, ಪಾಳಿಯ ಪಟ್ಟಿ, ಆಸ್ಪತ್ರೆಯ ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ವಿಂಗಡಿಸುವ ವ್ಯವಸ್ಥೆ ಇವೆಲ್ಲವೂ ದಿನನಿತ್ಯ ನಿಂತಿರುವುದು ಇನ್‌ಚಾರ್ಜ್ ಸಿಸ್ಟರ್ ಮೇಲೆ. ದಕ್ಷಿಣ ಆಫ್ರಿಕಾದಂತಹ ದೇಶದಲ್ಲಂತೂ ಊರಿನ ಸರಕಾರಿ ಕ್ಲಿನಿಕ್ಕುಗಳನ್ನು ನಡೆಸುವವರೇ ನರ್ಸ್‌ಗಳು. ವೈದ್ಯರು ಆಗಾಗ ಬಂದು ಹೋಗುತ್ತಾರೆ. ಅಲ್ಲಿ 1994ರಲ್ಲಿ ಗರ್ಭಿಣಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಉಚಿತ ಚಿಕಿತ್ಸೆ ಘೋಷಿಸಿದಾಗ ಕ್ಲಿನಿಕ್ಕಿಗೆ ಹರಿದು ಬಂದ ಜನರನ್ನು ನಿಭಾಯಿಸುವ ಹೊಣೆ ಬಿದ್ದದ್ದು ಈ ನರ್ಸ್‌ಗಳ ಹೆಗಲಿಗೇ.

ನಮ್ಮಲ್ಲಿಯೂ ಈಗ ಅಂತಹ ಹೊಣೆ ಹೆಚ್ಚುತ್ತಿದೆ. ಆಯುಷ್ಮಾನ್ ಭಾರತ್ ಯೋಜನೆಯಡಿ 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸಲಾಯಿತು. 2023ರಲ್ಲಿ ಇವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಡಲಾಯಿತು. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆಯಲ್ಲಿ ನರ್ಸಿಂಗ್ ಪದವೀಧರರು ಕೆಲಸ ಮಾಡುತ್ತಿದ್ದಾರೆ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆ ಪರೀಕ್ಷಿಸುವುದು, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣ ಗುರುತಿಸುವುದು, ದೂರದ ವೈದ್ಯರ ಸಲಹೆಯನ್ನು ಫೋನಿನ ಮೂಲಕ ಕೊಡಿಸುವುದು, ಇದರ ಜೊತೆಗೆ ಆರೋಗ್ಯ ಸಹಾಯಕಿಯರು ಮತ್ತು ಆಶಾ ಕಾರ್ಯಕರ್ತೆಯರ ತಂಡವನ್ನು ಮುನ್ನಡೆಸುವುದು ಅವರ ಕೆಲಸ. ಈ ಅಧಿಕಾರಿಗಳಲ್ಲಿ ಅನೇಕರಿಗೆ ವಯಸ್ಸು ಇಪ್ಪತ್ತೈದರ ಆಸುಪಾಸು. ಅವರ ತಂಡದಲ್ಲಿರುವ ಸಹಾಯಕಿಗೆ ಅದೇ ಊರಿನಲ್ಲಿ ಇಪ್ಪತ್ತು ವರ್ಷದ ಸೇವೆಯಾಗಿರಬಹುದು. ತಾಯಿಯ ವಯಸ್ಸಿನವರಿಗೆ ‘ಈ ರಿಜಿಸ್ಟರ್ ಸರಿಯಾಗಿ ತುಂಬಿಲ್ಲ’ ಎಂದು ಹೇಳುವುದು ಹೇಗೆ? ಹೇಳದಿದ್ದರೆ ಕೆಲಸ ಕೆಡುತ್ತದೆ, ಒರಟಾಗಿ ಹೇಳಿದರೆ ತಂಡ ಒಡೆಯುತ್ತದೆ. ಇದನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲೂ ಕಲಿಯಲಾಗುವುದಿಲ್ಲ.

ತಪಾಸಣೆ ಬೇರೆ, ಮಾರ್ಗದರ್ಶನ ಬೇರೆ

‘ಮೇಲಧಿಕಾರಿಗಳು ಬಂದು ನೋಡುತ್ತಾರಲ್ಲ, ಅದು ಸಾಲದೇ?’ ಎಂದು ನೀವು ಕೇಳಬಹುದು. ಸಾಲದು. ತಪಾಸಣೆಗೆ ಬಂದ ಅಧಿಕಾರಿಯ ಕೈಯಲ್ಲಿ ಪಟ್ಟಿ ಇರುತ್ತದೆ. ಇದು ಇದೆಯೇ, ಅದು ಇಲ್ಲವೇ ಎಂದು ಗುರುತು ಹಾಕಿ ಹೋಗುತ್ತಾರೆ. ಅದು ಅವರ ಕರ್ತವ್ಯ, ಅದೂ ನಡೆಯಬೇಕು. ಆದರೆ ತಪಾಸಣೆಯ ದಿನ ಎಲ್ಲರೂ ಕುಂದುಗಳನ್ನು ಮುಚ್ಚಿಡಲು ನೋಡುತ್ತಾರೆ. ಮಾರ್ಗದರ್ಶಕರು ಬಂದ ದಿನ ಅದೇ ಕುಂದುಗಳನ್ನು ಬಿಚ್ಚಿ ತೋರಿಸುವಂತಿರಬೇಕು. ‘ನನಗೆ ಇದು ಬರುವುದಿಲ್ಲ, ಹೇಳಿಕೊಡಿ’ ಎಂದು ಅಂಜದೆ ಹೇಳಲು ಒಬ್ಬರಾದರೂ ಬೇಕು. ಆದುದರಿಂದಲೇ ಯಾರು ನಿಮ್ಮ ಸೇವಾ ವರದಿ ಬರೆಯುತ್ತಾರೋ ಅವರೇ ನಿಮ್ಮ ಮಾರ್ಗದರ್ಶಕರಾಗುವುದು ಕಷ್ಟ.

ತರಬೇತಿ ಶಿಬಿರವೂ ಮಾರ್ಗದರ್ಶನವಲ್ಲ. ಜಿಲ್ಲಾ ಕೇಂದ್ರದಲ್ಲಿ ಮೂರು ದಿನ ಕುಳಿತು ಗೊಂಬೆಯ ಮೇಲೆ ಕಲಿತದ್ದನ್ನು ತನ್ನ ಕೇಂದ್ರಕ್ಕೆ ಮರಳಿ ಜಾರಿಗೆ ತರಲು ಹೊರಟಾಗ ಅಡೆತಡೆಗಳು ಎದುರಾಗುತ್ತವೆ. ಅಲ್ಲಿ ನೋಡಿದ ಉಪಕರಣ ಇಲ್ಲಿ ಇರುವುದಿಲ್ಲ. ಇದ್ದರೂ ಬೀಗದ ಕೈ ಬೇರೊಬ್ಬರ ಬಳಿ ಇರುತ್ತದೆ. ಆಗ ಪಕ್ಕದಲ್ಲಿ ಕುಳಿತು, ‘ಹಾಗಾದರೆ ಈಗ ಇರುವುದರಲ್ಲಿ ಏನು ಮಾಡೋಣ’ ಎಂದು ಯೋಚಿಸುವವರು ಬೇಕಾಗುತ್ತದೆ. ‘ಮುಂದೆ ಗುರಿ, ಹಿಂದೆ ಗುರು’ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಇತಿಹಾಸದಲ್ಲಿ

ಈ ಮಾತು ನಮಗೆ ಹೊಸದಲ್ಲ. ಪ್ರವಾದಿ ಮುಹಮ್ಮದ್ (ಸ) ಅವರ ಕಾಲದ ಮದೀನಾದಲ್ಲಿ ರುಫೈದಾ ಅಲ್ ಅಸ್ಲಮಿಯಾ (ರ) ಎಂಬ ಮಹಿಳೆ ಇದ್ದರು. ಇಸ್ಲಾಮೀ ಇತಿಹಾಸದ ಮೊದಲ ಶುಶ್ರೂಷಕಿ ಎಂದು ಅವರನ್ನು ಗೌರವಿಸಲಾಗುತ್ತದೆ. ಕ್ರಿ.ಶ. 627ರ ಕಂದಕ ಯುದ್ಧದಲ್ಲಿ ಸಅದ್ ಬಿನ್ ಮುಆದ್ (ರ) ಅವರು ಗಾಯಗೊಂಡಾಗ ಅವರನ್ನು ಆರೈಕೆಗೆ ಕರೆತಂದದ್ದು ಮಸೀದಿಯ ಬಳಿಯಿದ್ದ ರುಫೈದಾರ ಡೇರೆಗೆ. ಗಾಯಾಳುಗಳಿಗಾಗಿ ಪ್ರತ್ಯೇಕ ಡೇರೆ ಎಂದರೆ ಏನು? ಅಲ್ಲಿ ನೀರು, ಬಟ್ಟೆ, ಮದ್ದು, ಕೆಲಸ ಮಾಡುವ ಕೈಗಳು ಎಲ್ಲವನ್ನೂ ಹೊಂದಿಸುವವರು ಒಬ್ಬರಿರಬೇಕು. ಅವರು ವೈದ್ಯ ವಿದ್ಯೆಯನ್ನು ತಂದೆಯಿಂದ ಕಲಿತರು, ಅದನ್ನು ಇತರ ಮಹಿಳೆಯರಿಗೆ ಕಲಿಸಿದರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಕಲಿತವರು ಕಲಿಸುವ ಈ ಸರಪಳಿಯೇ ಮಾರ್ಗದರ್ಶನದ ಮೂಲ.

ಆಧುನಿಕ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರು ಎಲ್ಲರಿಗೂ ಗೊತ್ತು. ದೀಪ ಹಿಡಿದ ಆ ಚಿತ್ರ ಎಲ್ಲ ನರ್ಸಿಂಗ್ ಕಾಲೇಜುಗಳ ಗೋಡೆಯ ಮೇಲಿದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು ಎಂಬುದೂ ಗೊತ್ತು. ಆದರೆ ಅಷ್ಟಾಗಿ ಹೇಳದ ಸಂಗತಿ ಇನ್ನೊಂದಿದೆ. ಆ ಶಾಲೆಯಲ್ಲಿ ಕಲಿತು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಮೇಟ್ರನ್‌ಗಳಾಗಿ ಹೋದ ಯುವತಿಯರಿಗೆ ನೈಟಿಂಗೇಲ್ ಅವರು ವರ್ಷಗಟ್ಟಲೆ ಪತ್ರ ಬರೆಯುತ್ತಿದ್ದರು. ಅವರನ್ನು ಮನೆಗೆ ಕರೆಸಿ ಕಷ್ಟಸುಖ ಕೇಳುತ್ತಿದ್ದರು. ಎಡಿನ್‌ಬರೋ ಆಸ್ಪತ್ರೆಯ ಹೊಣೆ ಹೊತ್ತ ಏಂಜೆಲಿಕ್ ಪ್ರಿಂಗಲ್ ಎಂಬ ಶಿಷ್ಯೆಯನ್ನು ಪ್ರೀತಿಯಿಂದ ‘ಮುತ್ತು’ ಎಂದೇ ಕರೆಯುತ್ತಿದ್ದರು. ನೈಟಿಂಗೇಲ್ ಅವರಿಗೆ ಆಗ ತೀವ್ರ ಅನಾರೋಗ್ಯ, ಹೆಚ್ಚಾಗಿ ಕೋಣೆಯಲ್ಲೇ ಇರುತ್ತಿದ್ದರು. ಆಸ್ಪತ್ರೆಗೆ ಹೋಗಿ ನಿಲ್ಲಲಾಗದವರು ಕೂಡ ಪತ್ರದ ಮೂಲಕ ಮಾರ್ಗದರ್ಶಕರಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಇಂದು ಮೊಬೈಲ್ ಇರುವ ನಮಗೆ ನೆಪ ಹೇಳಲು ಜಾಗವಿಲ್ಲ.

ನಮ್ಮ ರಾಜ್ಯದ ಅನುಭವ

ಇದು ಬರೀ ಹಳೆಯ ಕಥೆಯಲ್ಲ, ನಮ್ಮ ಕರ್ನಾಟಕದಲ್ಲಿಯೇ ಮಾಡಿ ನೋಡಿದ ಕೆಲಸವೂ ಹೌದು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ನಂತರ ಆಸ್ಪತ್ರೆಯ ಹೆರಿಗೆಗಳು ವೇಗವಾಗಿ ಹೆಚ್ಚಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2015-16ರಲ್ಲಿ ಅದು 94ಕ್ಕೂ, 2019-20ರ ವೇಳೆಗೆ 97ಕ್ಕೂ ಏರಿತು. ಜನ ಆಸ್ಪತ್ರೆಯ ಬಾಗಿಲಿಗೆ ಬಂದರು. ಆದರೆ ಬಾಗಿಲೊಳಗಿನ ಆರೈಕೆ ಸಿದ್ಧವಾಗಿತ್ತೇ ಎಂಬ ಪ್ರಶ್ನೆ ಎದ್ದಿತು.

ಆಗ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ, ಅಂದರೆ ಬಾಗಲಕೋಟೆ, ಬಳ್ಳಾರಿ, ಬೀದರ್, ವಿಜಯಪುರ, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿಗಳಲ್ಲಿ, ‘ಸುಕ್ಷೇಮ’ ಎಂಬ ಯೋಜನೆ ನಡೆಯಿತು. ರಾಜ್ಯ ಸರಕಾರದೊಂದಿಗೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಇದರಲ್ಲಿ ಕೈಜೋಡಿಸಿದ್ದವು. 2012ರಲ್ಲಿ ಬಳ್ಳಾರಿ ಮತ್ತು ಅಂದಿನ ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ, ಅವುಗಳಲ್ಲಿ 54ಕ್ಕೆ ‘ನರ್ಸ್ ಮೆಂಟರ್’ಗಳನ್ನು ಕಳುಹಿಸಿದರು. ಉಳಿದ 54 ಕೇಂದ್ರಗಳನ್ನು ಹೋಲಿಕೆಗಾಗಿ ಇಟ್ಟುಕೊಂಡರು. ಮೆಂಟರ್‌ಗಳು ಇದ್ದದ್ದು 11 ಮಂದಿ. ಒಬ್ಬೊಬ್ಬರಿಗೆ ಐದಾರು ಕೇಂದ್ರಗಳು. ಅವರು ಬಂದು ಒಂದು ಗಂಟೆಯಲ್ಲಿ ಸಹಿ ಹಾಕಿ ಹೋಗುತ್ತಿರಲಿಲ್ಲ. ಎರಡು ಮೂರು ದಿನ ಅಲ್ಲಿಯೇ ಇದ್ದು, ಸಿಬ್ಬಂದಿಯೊಂದಿಗೆ ಕೆಲಸ ಮಾಡಿ, ಕೆಲವು ವಾರಗಳ ನಂತರ ಮತ್ತೆ ಬರುತ್ತಿದ್ದರು.

ಅವರು ಏನು ಮಾಡಿದರು ಎಂಬುದನ್ನು ಗಮನಿಸಿ. ಮೊದಲನೆಯದು, ಕೇಂದ್ರದ ಸಿಬ್ಬಂದಿ ತಮ್ಮ ಕೇಂದ್ರವನ್ನು ತಾವೇ ಪರೀಕ್ಷಿಸಿಕೊಳ್ಳುವಂತೆ ಮಾಡಿದರು. ಎರಡನೆಯದು, ವೈದ್ಯಾಧಿಕಾರಿಯಿಂದ ಹಿಡಿದು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೊರತೆಗಳಿಗೆ ಪರಿಹಾರ ಹುಡುಕಿಸಿದರು. ಮೂರನೆಯದು, ಹೆರಿಗೆಯ ಪ್ರತಿ ಹಂತದಲ್ಲೂ ಏನು ನೋಡಬೇಕು, ಏನು ಮಾಡಬೇಕು ಎಂಬುದನ್ನು ನೆನಪಿಸುವ ಕೇಸ್ ಶೀಟ್ ಬಳಸಲು ಕಲಿಸಿದರು. ನಾಲ್ಕನೆಯದು, ಕೈಕೆಲಸವನ್ನು ಹಾಸಿಗೆಯ ಪಕ್ಕದಲ್ಲಿಯೇ ನಿಂತು ತೋರಿಸಿಕೊಟ್ಟರು. ಫಲಿತಾಂಶ ಹೋಲಿಸಿದಾಗ, ಮೆಂಟರ್‌ಗಳು ಹೋದ ಕೇಂದ್ರಗಳಲ್ಲಿ ಅಗತ್ಯ ಮದ್ದು ಸಲಕರಣೆಗಳ ಸಿದ್ಧತೆ ಮತ್ತು ಸಿಬ್ಬಂದಿಯ ತಿಳಿವಳಿಕೆ ಹೆಚ್ಚು ಸುಧಾರಿಸಿದ್ದು ಕಂಡುಬಂತು. ಮುಂದೆ ಈ ಕ್ರಮವನ್ನು ಉಳಿದ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.

ಇದರಿಂದಲೇ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಹುದ್ದೆ ಖಾಲಿಯಿದ್ದರೆ ಮೆಂಟರ್ ಬಂದು ಅದನ್ನು ತುಂಬಲಾರರು. ಗೋದಾಮಿನಲ್ಲೇ ಮದ್ದಿಲ್ಲದಿದ್ದರೆ ಸಲಹೆಯಿಂದ ಮದ್ದು ಹುಟ್ಟುವುದಿಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಮರಣ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದರ ಹಿಂದೆ ಸರಕಾರ, ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಎಲ್ಲರ ಶ್ರಮವಿದೆ. ಆದರೆ ಅದೇ ಅವಧಿಯಲ್ಲಿ ಕೇರಳದಲ್ಲಿ ಅದು 19, ತಮಿಳುನಾಡಿನಲ್ಲಿ 54. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಹಾಗಾಗಿ ನಮ್ಮ ಆರೋಗ್ಯ ಕೇಂದ್ರಗಳ ಒಳಗೆ ಮಾಡಬೇಕಾದ ಕೆಲಸ ಇನ್ನೂ ಇದೆ.

ಸಂಘ ಏನು ಮಾಡಬಹುದು?

ನಮ್ಮ ಸಮುದಾಯದ ಹೆಣ್ಣುಮಕ್ಕಳು ಈಗ ದೊಡ್ಡ ಸಂಖ್ಯೆಯಲ್ಲಿ ನರ್ಸಿಂಗ್ ಓದುತ್ತಿರುವುದು ಸಂತೋಷದ ವಿಷಯ. ಇವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಿಂದ ನೌಕರಿಗೆ ಹೊರಟ ಮೊದಲ ಹೆಣ್ಣುಮಗಳು. ನೌಕರಿಯಲ್ಲಿರುವ ಅಕ್ಕನಿಲ್ಲ, ಕಚೇರಿ ವ್ಯವಹಾರ ತಿಳಿದ ತಂದೆಯಿಲ್ಲ. ಮೆಮೊ ಬಂದರೆ ಉತ್ತರ ಹೇಗೆ ಬರೆಯಬೇಕು, ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಫ್ರಿಜ್ ರಿಪೇರಿಯ ವಿಷಯ ಹೇಗೆ ಎತ್ತಬೇಕು, ರಾತ್ರಿ ಪಾಳಿಯ ಬಗ್ಗೆ ಮನೆಯವರ ಆತಂಕಕ್ಕೆ ಏನು ಹೇಳಬೇಕು ಎಂದು ಯಾರನ್ನು ಕೇಳುವುದು? ಕೇಳಲು ಯಾರೂ ಇಲ್ಲದಾಗ ಒಂದು ದಿನ ‘ನನ್ನಿಂದಾಗದು’ ಎಂದು ರಾಜೀನಾಮೆ ಕೊಟ್ಟು ಬರುತ್ತಾರೆ. ನಾಲ್ಕು ವರ್ಷದ ಓದು, ಹೆತ್ತವರ ಬೆವರು, ಸಂಘದ ವಿದ್ಯಾರ್ಥಿ ವೇತನ ಎಲ್ಲವೂ ಅಲ್ಲಿಗೆ ನಿಲ್ಲುತ್ತದೆ. ಊರಿನ ಗರ್ಭಿಣಿಯರು ಮತ್ತೊಬ್ಬ ಹೊಸಬರಿಗಾಗಿ ಕಾಯುತ್ತಾರೆ.

ಆದುದರಿಂದ ಸಂಘದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ.

1. ನಿವೃತ್ತ ನರ್ಸಿಂಗ್ ಅಧೀಕ್ಷಕರು, ಹಿರಿಯ ಶುಶ್ರೂಷಕಿಯರು, ಹಿರಿಯ ಆರೋಗ್ಯ ಸಹಾಯಕಿಯರು, ನರ್ಸಿಂಗ್ ಅಧ್ಯಾಪಕಿಯರ ಒಂದು ಪಟ್ಟಿ ಮಾಡೋಣ. ಜಾತಿ ಧರ್ಮ ನೋಡುವುದು ಬೇಡ. ಅನುಭವ ಮತ್ತು ಕಲಿಸುವ ಮನಸ್ಸು ಇದ್ದರೆ ಸಾಕು.

2. ಒಬ್ಬರಿಗೆ ಇಬ್ಬರು ಅಥವಾ ಮೂವರು ಕಿರಿಯರಿಗಿಂತ ಹೆಚ್ಚು ಬೇಡ. ಮೊದಲ ಒಂದು ವರ್ಷಕ್ಕೆ ಜೊತೆ ಮಾಡೋಣ. ವಾರಕ್ಕೊಮ್ಮೆ ಫೋನು, ಎರಡು ತಿಂಗಳಿಗೊಮ್ಮೆ ಮುಖಾಮುಖಿ ಭೇಟಿ ಎಂದು ಆರಂಭದಲ್ಲೇ ಮಾತಾಗಲಿ.

3. ಇಲಾಖೆಯ ಅನುಮತಿಯಿಲ್ಲದೆ ಹೊರಗಿನವರು ಹೆರಿಗೆ ಕೋಣೆಗೆ ಹೋಗುವಂತಿಲ್ಲ, ಹೋಗಲೂಬಾರದು. ನಮ್ಮ ಮಾರ್ಗದರ್ಶನ ಪಾಳಿ ಹಂಚಿಕೆ, ದಾಸ್ತಾನು, ದಾಖಲೆ, ತಂಡದೊಂದಿಗಿನ ನಡವಳಿಕೆ ಇಂತಹ ವಿಷಯಗಳಲ್ಲಿರಲಿ. ರೋಗಿಯ ಹೆಸರಾಗಲಿ ತಾಯಿ ಕಾರ್ಡಿನ ಫೋಟೋ ಆಗಲಿ ಕೇಂದ್ರದಿಂದ ಹೊರಗೆ ಬರಬಾರದು. ಅದು ಅಮಾನತ್.

4. ಮಾರ್ಗದರ್ಶಕರು ವರ್ಗಾವಣೆಗೆ ಶಿಫಾರಸು ಮಾಡುವವರಲ್ಲ, ಮೇಲಧಿಕಾರಿಯ ವಿರುದ್ಧ ಎತ್ತಿಕಟ್ಟುವವರೂ ಅಲ್ಲ. ಕಿರಿಯಳು ಹೇಳಿದ ಮಾತು ಅವರಲ್ಲಿಯೇ ಉಳಿಯಬೇಕು. ಇದು ಮುರಿದರೆ ನಂಬಿಕೆ ಮುರಿಯುತ್ತದೆ.

5. ಪ್ರಯಾಣದ ಖರ್ಚನ್ನು ಸಂಘ ಭರಿಸಲಿ. ಒಂದು ವಿದ್ಯಾರ್ಥಿ ವೇತನಕ್ಕೆ ಕೊಡುವ ಹಣದಲ್ಲಿ ಇಂತಹ ಎಷ್ಟೋ ಭೇಟಿಗಳು ಸಾಧ್ಯ.

ಮಾರ್ಗದರ್ಶಕರಾಗುವ ಹಿರಿಯರಲ್ಲಿ ಒಂದು ವಿನಂತಿ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಮಾತು ಆರಂಭಿಸಬೇಡಿ. ಉತ್ತರ ಕೊಡುವ ಮೊದಲು, ‘ನೀನಾದರೆ ಏನು ಮಾಡುತ್ತೀಯಮ್ಮ?’ ಎಂದು ಕೇಳಿ. ಎಲ್ಲವನ್ನೂ ನೀವೇ ಹೇಳಿಕೊಟ್ಟರೆ ಆಕೆ ಯಾವತ್ತೂ ಫೋನಿಗಾಗಿಯೇ ಕಾಯುತ್ತಾಳೆ. ನಿಮ್ಮ ಅಗತ್ಯ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗುವುದೇ ನಿಮ್ಮ ಯಶಸ್ಸು.

ವಿದ್ಯಾರ್ಥಿಗಳಿಗೆ ಎರಡು ಮಾತು

ಪ್ರೀತಿಯ ವಿದ್ಯಾರ್ಥಿನಿಯರೇ, ನರ್ಸಿಂಗ್ ಓದುತ್ತಿರುವ ಹುಡುಗರೇ, ಕೇಳಲು ನಾಚಿಕೆಪಡಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸಿಕೊಳ್ಳುವುದು ನಮ್ಮ ವೃತ್ತಿಯಲ್ಲಿ ಜೀವಕ್ಕೆ ಅಪಾಯ. ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಆ ದಿನ ಕಷ್ಟವಾದ ಒಂದು ವಿಷಯ, ಅದಕ್ಕೆ ಮಾಡಿದ ಪರಿಹಾರ, ಕೇಳಬೇಕಾದ ಪ್ರಶ್ನೆ ಇಷ್ಟನ್ನು ಬರೆಯಿರಿ. ರೋಗಿಯ ಹೆಸರು ಬರೆಯಬೇಡಿ. ಮಾರ್ಗದರ್ಶಕರನ್ನು ಭೇಟಿಯಾದಾಗ ಆ ಪುಸ್ತಕ ತೆರೆಯಿರಿ.

ಹೊಸ ಕೇಂದ್ರಕ್ಕೆ ಹೋದ ಮೊದಲ ದಿನವೇ ಎಲ್ಲವನ್ನೂ ಬದಲಾಯಿಸಲು ಹೊರಡಬೇಡಿ. ಮೊದಲ ವಾರ ನೋಡಿ, ಕೇಳಿ. ಅಲ್ಲಿನ ಹಳೆಯ ಸಹಾಯಕಿಗೆ ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾವ ಓಣಿಗೆ ಆಂಬುಲೆನ್ಸ್ ಹೋಗದು ಎಂಬುದೆಲ್ಲ ಗೊತ್ತಿರುತ್ತದೆ. ಹುದ್ದೆಯಲ್ಲಿ ನೀವು ಮೇಲಿರಬಹುದು, ಊರಿನ ತಿಳಿವಳಿಕೆಯಲ್ಲಿ ಅವರೇ ನಿಮ್ಮ ಗುರು. ‘ಅಕ್ಕಾ, ಇದನ್ನು ನನಗೆ ತೋರಿಸಿಕೊಡಿ’ ಎಂದು ಕೇಳಿದರೆ, ನಾಳೆ ನೀವು ರಿಜಿಸ್ಟರಿನ ವಿಷಯ ಹೇಳಿದಾಗ ಅವರೂ ಕೇಳುತ್ತಾರೆ.

ಐದು ವರ್ಷ ಕಳೆದಾಗ ನಿಮ್ಮ ಬಳಿಯೂ ಒಬ್ಬ ಹೊಸ ಹುಡುಗಿ ಬಂದು ನಿಲ್ಲುತ್ತಾಳೆ. ಅವಳಿಗೆ ಸಮಯ ಕೊಡಿ. ಪಡೆದ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವುದು ಸದಕಾ ಜಾರಿಯಾ ಎಂಬುದು ನಮ್ಮ ನಂಬಿಕೆ. ನಾವು ಇಲ್ಲವಾದ ಮೇಲೂ ಅದರ ಪುಣ್ಯ ನಿಲ್ಲುವುದಿಲ್ಲ. ಹೊಣೆ ಎಂಬುದು ಅಧಿಕಾರವಲ್ಲ, ಉತ್ತರ ಹೇಳಬೇಕಾದ ಅಮಾನತ್ ಎಂಬುದನ್ನು ಮರೆಯದಿರೋಣ.

ಮುಂದಿನ ವಾರ್ಷಿಕ ಸಭೆಯೊಳಗೆ ಕನಿಷ್ಠ ಹತ್ತು ಜೋಡಿಗಳನ್ನಾದರೂ ಮಾಡುವ ತೀರ್ಮಾನವನ್ನು ಕಾರ್ಯಕಾರಿ ಸಮಿತಿ ಕೈಗೊಳ್ಳಲಿ ಎಂದು ಕೋರುತ್ತೇನೆ. ಇಲ್ಲಿರುವ ಹಿರಿಯ ಶುಶ್ರೂಷಕಿಯರು ಇಂದೇ ತಮ್ಮ ಹೆಸರು ಕೊಟ್ಟು ಹೋಗಬೇಕೆಂದು ವಿನಂತಿಸುತ್ತೇನೆ. ನಮ್ಮ ಮಕ್ಕಳ ವಿದ್ಯೆಯನ್ನು ಅಲ್ಲಾಹನು ನಾಡಿನ ಎಲ್ಲ ಜನರಿಗೆ ಉಪಯುಕ್ತವಾಗಿಸಲಿ, ಆಮೀನ್.